ಇಪ್ಪತ್ತೊಂದನೆಯ ನಿಮಿಷ

ಪ್ರೀತಿಯ ಗೆಳೆಯ,

"ಪ್ರಾರ್ಥನೆಗೆ ಕೂತರೆ ಗೋಡೆ ಜತೆ ಮಾತಾಡಿದ ಹಾಗಾಗ್ತದೆ ಮಾರಾಯ, ಬಿಟ್ಟುಬಿಡ್ಲಾ?" ಅಂತ ಹೋದ ವಾರ ನೀನು ಕೇಳಿದ್ದೆ. "ಎಲ್ಲಾ ದೇವರ ಚಿತ್ತ" ಅಂದು ನಾನು ಫೋನ್ ಇಟ್ಟೆ. ಅದು ಉತ್ತರವಾಗಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹೊತ್ತವರು ಇನ್ನೂ ಇದ್ದಾರೆ, ಅವರೂ ಓದಲಿ. ಛತ್ರಿಯ ವಿಷಯ ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ಬಿಡಬೇಡ. ಇವತ್ತಂತೂ ಬಿಡಬೇಡ. ಮನಸ್ಸು ಒಣಗಿದ ಹೊತ್ತಿನಲ್ಲಿ ಹಿಂದಿನ ತೀರ್ಮಾನ ಬದಲಿಸಬಾರದು ಎನ್ನುವುದು ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲರು ಕೊಟ್ಟ ನಿಯಮ. ಬೆಳಕಿದ್ದಾಗ ಒಳ್ಳೆಯ ಆತ್ಮ ದಾರಿ ತೋರಿಸುತ್ತದೆ, ಕತ್ತಲಲ್ಲಿ ಸಲಹೆ ಕೊಡುವವನು ಬೇರೆಯವನು, ನಮ್ಮ ಶತ್ರುವಾದ ಕೆಟ್ಟ ಆತ್ಮ. ಅವನ ಮಾತು ಕೇಳಿ ನಡೆದರೆ ಸರಿದಾರಿ ಸಿಗದು ಎಂಬುದು ಅವರ ಕಾರಣ. ಹಾಗಾಗಿ ಚರ್ಚಿನ ಹಾಡಿನ ತಂಡ (ಕ್ವಾಯರ್) ಬಿಡುವುದು, ಸಭೆ ಬದಲಿಸುವುದು, ಹರಕೆ ಮುರಿಯುವುದು ಎಲ್ಲ ಆಮೇಲೆ. (ಯಾರಾದರೂ ಹಿಂಸಿಸುತ್ತಿದ್ದರೆ ಆ ಜಾಗದಿಂದ ಎದ್ದು ಬರಲು ಈ ನಿಯಮ ಅಡ್ಡ ಬರುವುದಿಲ್ಲ. ಅದನ್ನು ಸಹನೆ ಎಂದು ಕಲಿಸುವವರ ಮಾತು ಕೇಳಬೇಡ.)

ಇನ್ನೊಂದು ಮಾತೂ ಅವರದ್ದೇ. ಒಣ ದಿನಗಳಲ್ಲಿ ಗೊತ್ತುಮಾಡಿಕೊಂಡ ಸಮಯಕ್ಕಿಂತ ತುಸು ಹೆಚ್ಚೇ ಕೂರಬೇಕು. ನಿನ್ನದು ಇಪ್ಪತ್ತು ನಿಮಿಷವಾದರೆ ಇಪ್ಪತ್ತೊಂದು ಮಾಡು. ಹನ್ನೆರಡನೆಯ ನಿಮಿಷಕ್ಕೆ ಕೈ ಫೋನಿನ ಕಡೆ ಹೋಗುತ್ತದೆ, ಹೋಗಲಿ, ವಾಪಸ್ ತಾ. ಆದರೆ ಹೆಚ್ಚಿನ ಆ ಒಂದು ನಿಮಿಷವನ್ನು ಐವತ್ತು ಮಾಡಬೇಡ. 1522ರಲ್ಲಿ ಸ್ಪೇನಿನ ಮನ್ರೇಸಾ ಊರಿನಲ್ಲಿ ಇಗ್ನೇಷಿಯಸ್ ದಿನಕ್ಕೆ ಏಳು ಗಂಟೆ ಪ್ರಾರ್ಥಿಸುತ್ತಿದ್ದರು. ಆದರೂ ಪಾಪಗಳನ್ನೆಲ್ಲ ಸರಿಯಾಗಿ ಹೇಳಿಕೊಂಡೆನೋ ಇಲ್ಲವೋ ಎಂಬ ಸಂಶಯ ಬಿಡಲಿಲ್ಲ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಕೊನೆಗೆ ವಾರವಿಡೀ ಏನೂ ತಿನ್ನದೆ ಕೂತರು. ಪಾಪನಿವೇದನೆ ಕೇಳುವ ಗುರುಗಳು ಉಪವಾಸ ಬಿಡು ಎಂದು ಆಜ್ಞೆ ಮಾಡಿದರು. ಎರಡು ದಿನ ಹಗುರ ಅನ್ನಿಸಿತು, ಮೂರನೆಯ ದಿನ ಸಂಶಯ ಮತ್ತೆ ಬಂತು. ಹಟದಿಂದ ಕತ್ತಲು ಕರಗಲಿಲ್ಲ.

ಕೂತು ಏನು ಮಾಡುವುದು ಅಂದರೆ, ಬೈಬಲಿನ 13ನೆಯ ಕೀರ್ತನೆ ತೆಗೆ. ಆರೇ ವಚನ. ಗಟ್ಟಿಯಾಗಿ ಓದು. ಮೊದಲೆರಡು ವಚನಗಳಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅಲ್ಲೇ ನಿಲ್ಲು. ನಿನ್ನ ಐದನೆಯ "ಎಷ್ಟರವರೆಗೆ"ಯನ್ನು ಒಂದು ಚೀಟಿಯಲ್ಲಿ ಬರಿ, ಹೆಸರು ಹಿಡಿದು: ಸಾಲ, ಅಮ್ಮನ ಡಯಾಲಿಸಿಸ್, ಮಾತುಬಿಟ್ಟ ಅಣ್ಣ. "ನನ್ನ ಕಷ್ಟಗಳು" ಅಂತ ಒಟ್ಟಾರೆ ಬರೆದರೆ ಪ್ರಾರ್ಥನೆ ಹಿಡಿತಕ್ಕೆ ಸಿಗುವುದಿಲ್ಲ. ಮೂರು ಮತ್ತು ನಾಲ್ಕನೆಯ ವಚನಗಳ ಹೊತ್ತಿಗೆ ಒಂದನ್ನು, ಒಂದನ್ನೇ ಬೇಡು. ಭರವಸೆಯ ಮಾತು ಬರುವುದು ಐದನೆಯ ವಚನದಲ್ಲಿ. ನಾವು ತಪ್ಪುವುದು ಇಲ್ಲೇ. ಸಾವಿನ ಮನೆಗೆ ಹೋದವರು ಮೊದಲ ನಾಲ್ಕು ವಚನ ಬಿಟ್ಟು ನೇರ ಐದಕ್ಕೆ ಹಾರುತ್ತೇವೆ. ಅಳುವವರಿಗೆ ಅದು ಬಾಯಿ ಮುಚ್ಚಿಸಿದ ಹಾಗಾಗುತ್ತದೆ. ಐದನೆಯದು ಬಾಯಿಗೆ ಬಾರದಿದ್ದರೆ ಪಕ್ಕದಲ್ಲಿ ಕೂತವರು ಓದಲಿ, ನೀನು ಕೇಳು.

ಅದೂ ಆಗದ ದಿನಕ್ಕೆ 88ನೆಯ ಕೀರ್ತನೆ ಇದೆ. ಅದು ಮುಗಿಯುವುದು ಕತ್ತಲಲ್ಲೇ, ಸಮಾಧಾನದ ಒಂದು ಸಾಲೂ ಇಲ್ಲದೆ. ಆದರೂ ಅದನ್ನು ಬೈಬಲಿನಿಂದ ಯಾರೂ ತೆಗೆಯಲಿಲ್ಲ. ಹಗಲು ರಾತ್ರಿ ಕೂಗಿದ ಆ ಮನುಷ್ಯ ಕೂಗಿದ್ದು ದೇವರನ್ನೇ.

ಒಂದು ಎಚ್ಚರಿಕೆ. ಎರಡು ವಾರವಾದರೂ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕಿ ಏನು ಎನ್ನುವ ಯೋಚನೆ ಬರುತ್ತದೆ ಎಂದಾದರೆ ಅದನ್ನು ಆತ್ಮಿಕ ಪರೀಕ್ಷೆ ಎಂದಷ್ಟೇ ಹೇಳಿ ಕೂರಬಾರದು. ಡಾಕ್ಟರ ಹತ್ತಿರ ಹೋಗಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ, ಅವತ್ತೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆಯಾಗುವುದಿಲ್ಲ.

ಕೊನೆಗೆ ಇಗ್ನೇಷಿಯಸರದೇ ಇನ್ನೊಂದು ನಿಯಮವಿದೆ, ಬರೆಯುವುದೋ ಬೇಡವೋ ಅಂದುಕೊಂಡೆ. ಶತ್ರು ಕಳ್ಳ ಪ್ರೇಮಿಯ ಹಾಗೆ, "ಯಾರಿಗೂ ಹೇಳಬೇಡ" ಅನ್ನುತ್ತಾನೆ, ತಿಳಿದವರೊಬ್ಬರಿಗೆ ಹೇಳಿದ ಕೂಡಲೇ ಅವನ ಆಟ ಕೆಡುತ್ತದೆ ಅಂತ. ಗೋಡೆ ಅಂದೆಯಲ್ಲ, ನನ್ನೆದುರೂ ಅದೇ ಗೋಡೆ ಇದೆ ಗೆಳೆಯ. ಮಳೆಗಾಲದಿಂದ. ಅದಕ್ಕೇ ಅವತ್ತು ಬೇಗ ಫೋನ್ ಇಟ್ಟದ್ದು. ಆ ನಿಯಮ ಹೇಳುವುದು ತಿಳಿದವರೊಬ್ಬರಿಗೆ ಹೇಳು ಅಂತ. ನಾನು ಇಷ್ಟು ಜನರ ಮುಂದೆ ಹೇಳಿಬಿಟ್ಟೆ, ಆದರೆ ನಿನ್ನೆದುರು ಕೂತು ಇನ್ನೂ ಹೇಳಿಲ್ಲ. ಅದು ನನ್ನನ್ನು ಚುಚ್ಚುತ್ತಿದೆ.

ಸಾಕು, ಉಳಿದದ್ದು ಎದುರಿಗೇ. ಭಾನುವಾರ ನಿಮ್ಮ ಆರಾಧನೆ ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಇರ್ತೇನೆ. ಬನ್ಸ್ ಬಿಸಿ ಇರುವಾಗಲೇ ಹೋಗಬೇಕು, ತಡಮಾಡಬೇಡ. ಛತ್ರಿ ಈ ಸಲ ನಾನೇ ತರ್ತೇನೆ.

ಇಂತಿ ನಿನ್ನ,
ಹಿಂದಿನ ಬೆಂಚಿನವ