ಮಗಳಿಗೊಂದು ಪತ್ರ: ಚಳಿಗೆ ಸೀಳುವ ಉಗುರು

ಪುಟ್ಟೀ,

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮಾತಾಡುವಾಗ ನಿನ್ನ ಹೆಬ್ಬೆರಳು ಪದೇ ಪದೇ ಸ್ವೆಟರಿನ ನೂಲಿಗೆ ಸಿಕ್ಕಿಕೊಳ್ಳುತ್ತಿತ್ತು. ನೀನು ಬಿಡಿಸಿಕೊಂಡು ಮಾತು ಮುಂದುವರಿಸಿದೆ, ನನ್ನ ಕಣ್ಣು ಅಲ್ಲೇ ನಿಂತಿತು. ಕೈ ತೋರಿಸು ಅಂತ ಹಟ ಮಾಡಿದ ಮೇಲೆ ಕಂಡಿತು: ಉಗುರಿನ ತುದಿ ಪದರ ಪದರವಾಗಿ ಎದ್ದಿದೆ, ಬುಡದ ಸುತ್ತ ಚರ್ಮ ಬೆಳ್ಳಗೆ ಒಡೆದಿದೆ. "ಚಳಿಗಾಲ ಅಲ್ವಾ ಅಮ್ಮಾ, ಎಲ್ಲರಿಗೂ ಹೀಗೇ" ಅಂದೆ. ಚಳಿಯದು ಅರ್ಧ ತಪ್ಪು ಅಷ್ಟೇ ಕಣೇ. ಇನ್ನರ್ಧ ನೀರಿನದು.

ಉಗುರು ಅಂದರೆ ಕೆರಾಟಿನ್ ಅನ್ನುವ ಗಟ್ಟಿ ಪ್ರೋಟೀನಿನ ತೆಳುವಾದ ಪದರಗಳು ಒಂದಕ್ಕೊಂದು ಅಂಟಿ ಆಗಿರುವುದು. ಚರ್ಮಕ್ಕಿರುವ ಹಾಗೆ ಅದಕ್ಕೆ ತನ್ನದೇ ಎಣ್ಣೆಯ ಗ್ರಂಥಿಗಳಿಲ್ಲ. ನೀರಲ್ಲಿ ನೆನೆದಾಗ ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಚಳಿಗಾಲದ ಗಾಳಿಯಲ್ಲಿ ತೇವವೇ ಕಡಿಮೆ, ಹೀಟರ್ ಹಾಕಿದ ಕೋಣೆಯಲ್ಲಂತೂ ಇನ್ನೂ ಕಡಿಮೆ. ನೀನೋ ದಿನಕ್ಕೆ ಹತ್ತು ಸಲ ಬಿಸಿನೀರಲ್ಲಿ ಕೈ ತೊಳೀತೀಯ, ರಾತ್ರಿ ಬರಿಗೈಯಲ್ಲಿ ಪಾತ್ರೆ ಉಜ್ಜುತ್ತೀಯ. ಹೀಗೆ ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ, ಪದರಗಳ ಹಿಡಿತ ಸಡಿಲಾಗದೆ ಇನ್ನೇನಾಗುತ್ತೆ?

ಅದಕ್ಕೇ ಮೊದಲು ಒಂದು ಜೊತೆ ರಬ್ಬರ್ ಗ್ಲೌಸ್ ತಗೋ. ಬೇರೆ ಏನು ಮಾಡದಿದ್ದರೂ ಪಾತ್ರೆ ತೊಳೆಯುವಾಗ ಅದನ್ನು ಹಾಕಿಕೋ. ಕೈಗೆ ಉಗುರುಬೆಚ್ಚಗಿನ ನೀರು ಸಾಕು. ಒರೆಸಿದ ಮೇಲೆ ಇನ್ನೂ ಸ್ವಲ್ಪ ಪಸೆ ಇರುವಾಗಲೇ ಕ್ರೀಮ್ ಹಚ್ಚು. ನೀನು ಅಂಗೈಗೆ ಹಚ್ಚಿ ಬಿಟ್ಟುಬಿಡ್ತೀಯ, ನನಗೆ ಗೊತ್ತು. ಒಂದೊಂದು ಬೆರಳನ್ನೂ ಹಿಡಿದು ಉಗುರಿನ ಬುಡಕ್ಕೆ, ತುದಿಯ ಅಡಿಗೆ ತಿಕ್ಕಬೇಕು. ರಾತ್ರಿ ಮಲಗುವ ಮುಂಚೆ ಪೆಟ್ರೋಲಿಯಂ ಜೆಲ್ಲಿ ಸವರಿ ಹತ್ತಿಯ ಗ್ಲೌಸ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಎದ್ದ ಪದರವನ್ನು ಕೀಳಬೇಡ, ಅದು ಕೆಳಗಿನದನ್ನೂ ಎಳೆದುಕೊಂಡು ಬರುತ್ತೆ. ಗಿಡ್ಡಕ್ಕೆ ಕತ್ತರಿಸಿ, ನಯವಾದ ಫೈಲಿನಿಂದ ಒಂದೇ ದಿಕ್ಕಿಗೆ ಉಜ್ಜು. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಈ ಚಳಿ ಮುಗಿಯುವ ತನಕ ಬೇಡ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳ್ತೀನಿ. ಉಗುರಿನ ಬುಡದಲ್ಲಿ ಅಂಟಿಕೊಂಡಿರುವ ತೆಳು ಚರ್ಮವನ್ನು ಯಾರು ಹೇಳಿದರೂ ಕತ್ತರಿಸಿಕೊಳ್ಳಬೇಡ. ಉಗುರು ಹುಟ್ಟುವ ಜಾಗಕ್ಕೆ ಅದೇ ಬಾಗಿಲು. ನಾನು ಒಂದು ಮದುವೆಗೆ ಹೊರಟಾಗ ಚಂದ ಕಾಣಲಿ ಅಂತ ಕತ್ತರಿಸಿಕೊಂಡಿದ್ದೆ. ಮೂರನೇ ದಿನಕ್ಕೆ ತೋರುಬೆರಳಿಗೆ ಉಗುರುಸುತ್ತು. ಬೆರಳು ಕೆಂಪಗೆ ಊದಿ, ಎದೆಬಡಿತ ಬೆರಳಿನಲ್ಲೇ ಕೇಳುವ ಹಾಗೆ ಎರಡು ರಾತ್ರಿ ಮಿಡಿಯಿತು. ಪಕ್ಕದಲ್ಲಿ ಸಿಗುರು ಎದ್ದರೂ ಹಲ್ಲಿನಿಂದ ಎಳೀಬೇಡ, ಚೊಕ್ಕ ನೇಲ್ ಕಟರ್‌ನಿಂದ ಬುಡದಲ್ಲಿ ಕತ್ತರಿಸಿಬಿಡು.

ಬಯೋಟಿನ್ ಅನ್ನುವ ಬಿ ವಿಟಮಿನ್ನಿನ ಮಾತ್ರೆ ತಗೊಳ್ಳಲಾ ಅಂತ ನೀನು ಕೇಳಿದ್ದೆ. ಕೊರತೆ ಇಲ್ಲದವರಿಗೆ ಅದರಿಂದ ಲಾಭ ಅನ್ನುವುದಕ್ಕೆ ಗಟ್ಟಿ ಆಧಾರ ಕಡಿಮೆ. ಅದೂ ಅಲ್ಲದೆ ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್‌ನಂಥ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ಉಗುರಿನ ಮೇಲಿನ ಬಿಳಿ ಚುಕ್ಕೆ ಸಾಮಾನ್ಯವಾಗಿ ಸಣ್ಣ ಪೆಟ್ಟಿನದು, ಕ್ಯಾಲ್ಸಿಯಂ ಕಮ್ಮಿ ಅಂತ ಹೆದರಬೇಡ. ಆದರೆ ಉಗುರು ಚಮಚದ ಹಾಗೆ ಒಳಕ್ಕೆ ತಗ್ಗಾದರೆ, ಚಳಿಗೆ ಬೆರಳು ಬೆಳ್ಳಗಾಗಿ ಆಮೇಲೆ ನೀಲಿಗಟ್ಟಿದರೆ, ಹೊಸದಾಗಿ ಕಪ್ಪು ಗೆರೆ ಕಂಡರೆ ಡಾಕ್ಟರ ಹತ್ತಿರ ಹೋಗು. ಮೊದಲನೆಯದು ಕಬ್ಬಿಣಾಂಶದ ಕೊರತೆ ಇರಬಹುದು.

ಇಷ್ಟು ಮಾಡಿದರೂ ನಾಳೆಗೇ ಸರಿ ಹೋಗಲ್ಲ. ಸೀಳಿದ್ದು ಕೂಡುವುದಿಲ್ಲ, ಬೆಳೆದು ಮುಂದೆ ಬಂದು ಹೋಗಬೇಕು, ಅಷ್ಟೇ. ನೀನು ಆರನೇ ಕ್ಲಾಸಿನಲ್ಲಿ ಜ್ವರದಿಂದ ಮಲಗಿದ್ದು ನೆನಪಿದೆಯಾ? ತಿಂಗಳಾದ ಮೇಲೆ ಹತ್ತೂ ಉಗುರಿನ ಬುಡದಲ್ಲಿ ಅಡ್ಡಡ್ಡ ಒಂದು ತಗ್ಗು ಗೆರೆ ಕಾಣಿಸಿತು. ಮೈಗೆ ಕಾಯಿಲೆ ಬಂದಾಗ ಉಗುರು ಕೆಲದಿನ ಬೆಳೆಯುವುದನ್ನೇ ನಿಲ್ಲಿಸಿದ ಗುರುತು ಅದು. 1846ರಲ್ಲೇ ಬೋ ಅನ್ನುವ ಫ್ರೆಂಚ್ ವೈದ್ಯರು ಇದನ್ನು ಬರೆದಿಟ್ಟಿದ್ದರು. ಪ್ರತಿ ಭಾನುವಾರ ಉಗುರು ಕತ್ತರಿಸುವಾಗ ನಾವಿಬ್ಬರೂ ಆ ಗೆರೆ ಎಲ್ಲಿಗೆ ಬಂತು ಅಂತ ನೋಡುತ್ತಿದ್ದೆವು. ಹೆಚ್ಚುಕಮ್ಮಿ ತಿಂಗಳಿಗೆ 3 ಮಿಲಿಮೀಟರ್. ತುದಿಗೆ ಬಂದ ದಿನ ಕೊನೆಯ ಚೂರನ್ನು ನೀನೇ ಕತ್ತರಿಸಿದೆ.

ಬುಡದಿಂದ ತುದಿಗೆ ಸುಮಾರು ಆರು ತಿಂಗಳು, ಚಳಿಯಲ್ಲಿ ಇನ್ನೂ ನಿಧಾನ. ಈ ಭಾನುವಾರ ಫೋನ್ ಮಾಡಿದಾಗ ಹೆಬ್ಬೆರಳು ತೋರಿಸು. ಮುಂದಿನ ತಿಂಗಳೂ ತೋರಿಸು.

ನಿನ್ನ ಅಮ್ಮ