ಬೈಪಾಸ್ ಆದವರನ್ನು ಪಥ್ಯದ ಹೆಸರಲ್ಲಿ ಸೊರಗಿಸಬೇಡಿ

ಸಂಪಾದಕರೇ,

ಹೃದಯದ ಆಪರೇಷನ್ ಅಂದರೆ ದಪ್ಪ ಇರುವವರಿಗಷ್ಟೇ ಅಪಾಯ ಅನ್ನುವ ನಂಬಿಕೆ ನಮ್ಮಲ್ಲಿದೆ. ಸಣಕಲು ಮೈಯವರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹೃದಯ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರ್ಸ್ ಆಗಿದ್ದ ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ದಪ್ಪ ಇರುವವರಿಗೆ ತೊಂದರೆ ಇಲ್ಲ ಅಂತಲ್ಲ. ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಎದೆಮೂಳೆ ಸೀಳಿ, ಆಮೇಲೆ ತಂತಿಯಿಂದ ಬಿಗಿಯುತ್ತಾರೆ. ಅದು ಕೂಡಿಕೊಳ್ಳಲು 8ರಿಂದ 12 ವಾರ ಬೇಕು. ತೂಕ ತೀರಾ ಜಾಸ್ತಿಯಿದ್ದು ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದರೆ ಆ ಗಾಯಕ್ಕೂ, ಹೃದಯಕ್ಕೆ ಜೋಡಿಸಲು ರಕ್ತನಾಳ ತೆಗೆದ ಕಾಲಿನ ಗಾಯಕ್ಕೂ ಸೋಂಕು ತಗಲುವ ಭಯ ಹೆಚ್ಚು. ಆದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಲೆಕ್ಕ) 18.5ಕ್ಕಿಂತ ಕಡಿಮೆ, ಅಂದರೆ ತೀರಾ ಸಣಕಲು ಇರುವವರಲ್ಲಿ ಸಾವಿನ ಅಪಾಯವೇ ಹೆಚ್ಚು, ಸ್ವಲ್ಪ ಮೈ ತುಂಬಿಕೊಂಡವರು ಅವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ ಅಂತ ಹಲವು ಅಧ್ಯಯನಗಳು ಹೇಳಿವೆ. ಹಾಗಂತ ಬೊಜ್ಜು ಒಳ್ಳೆಯದು ಅಂತ ಅರ್ಥ ಮಾಡಿಕೊಳ್ಳಬೇಡಿ. ಕಾಯಿಲೆಯಿಂದ ಬಡವಾದವರಲ್ಲಿ ಮಾಂಸಖಂಡವೇ ಕರಗಿಹೋಗಿರುತ್ತದೆ. ಕೆಮ್ಮಿ ಕಫ ತೆಗೆಯಲು, ಎದ್ದು ನಾಲ್ಕು ಹೆಜ್ಜೆ ಹಾಕಲು ಅವರಿಗೆ ತ್ರಾಣ ಎಲ್ಲಿಂದ ಬರಬೇಕು?

ಮನೆಗೆ ಬಂದ ಮೇಲೆ ಇನ್ನೊಂದು ಕಷ್ಟ. ಬೇಳೆ, ಮೊಟ್ಟೆ ನಂಜು ಅಂತ ನಿಲ್ಲಿಸಿ ಬರೀ ಗಂಜಿ, ತಿಳಿಸಾರು ಕೊಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಗಾಯ ಮಾಯಲು ಬೇಕಾದ ಪ್ರೋಟೀನ್ ಅದರಲ್ಲಿ ಸಾಕಷ್ಟು ಇರುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ತಿನ್ನಲಿ, ಉಳಿದವರಿಗೆ ಬೇಳೆ, ಕಾಳು, ಮೊಟ್ಟೆ, ಮೊಸರು, ಮೀನು ಕೊಡಿ, ಉಪ್ಪು ಮಾತ್ರ ಕಡಿಮೆ ಇರಲಿ. ಸದ್ಯಕ್ಕೆ ತೂಕ ಇಳಿಸುವ ಮಾತು ಬೇಡ, ಮೊದಲು ಗಾಯ ಮಾಯಲಿ.

ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಮೈ ಹಿಡಿಯುತ್ತಿದೆ ಅಂತ ಖುಷಿಪಡಬೇಡಿ, ಅದು ಮೈಯಲ್ಲಿ ನೀರು ನಿಲ್ಲುತ್ತಿರುವ ಲಕ್ಷಣ ಇರಬಹುದು. ಕಾಲು ಊದಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಿಂದ ಬಡವರಿಗೂ ಹೃದಯದ ಆಪರೇಷನ್ ಸಿಗುತ್ತಿದೆ, ಸಂತೋಷ. ಆದರೆ ಆಪರೇಷನ್‌ಗೆ ಕೆಲವು ವಾರ ಸಮಯ ಇರುವವರನ್ನಾದರೂ ಮೊದಲೇ ಆಹಾರ ತಜ್ಞರು ನೋಡಬೇಕು ಅಲ್ವಾ? ಇತ್ತೀಚೆಗೆ ತೂಕ ಇಳಿದಿದೆಯಾ, ಊಟ ಸೇರುತ್ತಿದೆಯಾ ಅಂತ ಕೇಳಬೇಕು. ಡಿಸ್ಚಾರ್ಜ್ ಮಾಡುವಾಗ ಏನು ತಿನ್ನಬೇಕು, ಎಷ್ಟು ನಡೆಯಬೇಕು ಅನ್ನುವುದನ್ನು ಕನ್ನಡದಲ್ಲಿ ಬರೆದು ಕೊಡಬೇಕು. ಆರೋಗ್ಯ ಇಲಾಖೆ ಇದನ್ನು ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಲಿ.

– ನಿವೃತ್ತ ನರ್ಸ್, ಮೈಸೂರು