ಭಾನುವಾರ ಸೆಕೆಂಡ್ ಹ್ಯಾಂಡ್ ಬೈಕ್ ತಪಾಸಣೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 7ಕ್ಕೆ ಮಲ್ಲೇಶ್ವರ 18ನೇ ಕ್ರಾಸ್ ಮೈದಾನದ ಹತ್ತಿರ ಸೇರೋಣ. ಹಳೇ ಬೈಕ್ ತಗೊಂಡು ಪಿಕಪ್ ಇಲ್ಲ, ಮೈಲೇಜ್ ಇಲ್ಲ ಅಂತ ಇಲ್ಲಿ ಬರೆದವರೆಲ್ಲ ದಯವಿಟ್ಟು ಬನ್ನಿ.

ಮುಖ್ಯವಾದ ವಿಷಯ: ಹೊರಡುವ ಮುಂಚೆ ಮನೆಯಲ್ಲೇ, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸದ್ದು, ಹೊಗೆ ಎರಡನ್ನೂ ವಿಡಿಯೋ ಮಾಡಿಕೊಳ್ಳಿ. ಓಡಿಸಿಕೊಂಡು ಬಂದ ಮೇಲೆ ಬಿಸಿ ಎಂಜಿನ್ ಎಷ್ಟೋ ತೊಂದರೆಗಳನ್ನು ಮುಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಒಳಗೆ ಆಯಿಲ್ ತಡೆಯುವ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ನೋಡಬೇಕು. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ನಮ್ಮ ಊರಿನ ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಮೊದಲು ಅದನ್ನೇ ತೆಗೆದು ನೋಡಿ. ಚಳಿಯಲ್ಲಿ ಸ್ವಲ್ಪ ಹೊತ್ತು ಬಂದು ನಿಲ್ಲುವ ಬಿಳಿ ಹೊಗೆ ಬರೀ ನೀರಾವಿ, ಹೆದರಬೇಡಿ.

ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿರುವ ಸಾಧ್ಯತೆ ಹೆಚ್ಚು. ಚೈನು, ಬ್ರೇಕು ಅಲ್ಲೇ ನೋಡೋಣ. ಅಲ್ಲಿವರೆಗೆ ಯಾರೋ ಹೇಳಿದರು ಅಂತ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ ಬೋರ್ ಕಿಟ್ (ಸಿಲಿಂಡರ್, ಪಿಸ್ಟನ್ ಸೆಟ್) ತರಬೇಡಿ, ಸುಮ್ನೆ ದುಡ್ಡು ದಂಡ.

ಸ್ಪಾರ್ಕ್ ಪ್ಲಗ್ ಸ್ಪ್ಯಾನರ್ ಇರುವವರು ತನ್ನಿ. ಬರುವವರು ಬೈಕಿನ ಮಾಡೆಲ್, ವರ್ಷ, ಓಡಿರುವ ಕಿಲೋಮೀಟರ್, ತೊಂದರೆ ಏನು ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ.